ಹಳದಿ ದೀಪ ಹತ್ತಿದರೆ

ನಿಮ್ಮ ಮನೆ ಮುಂದೆ ಪೆಟ್ರೋಲ್ ಕಾರು ನಿಂತಿದ್ದರೆ, ಅದರ ಮೀಟರುಗಳ ನಡುವೆ ಇಂಜಿನ್ ಚಿತ್ರದ ಒಂದು ಹಳದಿ ದೀಪವನ್ನು ನೀವೂ ನೋಡಿರಬಹುದು. ಕೀಲಿ ತಿರುಗಿಸಿದಾಗ ಹತ್ತಬೇಕು, ಇಂಜಿನ್ ಶುರುವಾದ ಮೇಲೆ ಆರಬೇಕು. ಆರದಿದ್ದರೆ ಗಂಡಸರು "ಸೆನ್ಸರ್ ಹೋಗೇತಿ" ಎಂದು ಒಂದೇ ಮಾತಿನಲ್ಲಿ ಮುಗಿಸಿಬಿಡುತ್ತಾರೆ. ಸೆನ್ಸರ್ ಎಂದರೆ ಸಾವಿರಾರು ರೂಪಾಯಿಯ ಬಾಬತ್ತು. ಆ ಹಣ ಕೊನೆಗೆ ಹೊರಡುವುದು ನಮ್ಮ ಬೇಳೆ ಡಬ್ಬಿಯ ತಳದಿಂದಲೇ ಅಲ್ಲವೇ? ಆದ್ದರಿಂದ ಈ ದೀಪದ ಸಮಾಚಾರ ನಮಗೂ ಗೊತ್ತಿರಲಿ.

ದೀಪ ಹತ್ತಿದಾಗ ಕಾರಿನೊಳಗಿನ ಕಂಪ್ಯೂಟರು ಒಂದು ಸಂಖ್ಯೆಯನ್ನು ಬರೆದಿಟ್ಟುಕೊಳ್ಳುತ್ತದೆ. 2017ರ ಏಪ್ರಿಲ್‌ನಲ್ಲಿ ದೇಶದ ತುಂಬ ಬಿಎಸ್-4 ಬಂತು, 2020ರ ಏಪ್ರಿಲ್‌ನಲ್ಲಿ ಬಿಎಸ್-6 ಬಂತು. ಆಮೇಲಿನ ಕಾರುಗಳಿಗೆಲ್ಲ ಈ ಏರ್ಪಾಡು ಇದ್ದೇ ಇದೆ. ಸ್ಟೇರಿಂಗಿನ ಕೆಳಗೆ, ಮೊಣಕಾಲಿನ ಹತ್ತಿರ 16 ಪಿನ್ನಿನ ಒಂದು ಸಾಕೆಟ್ ಇರುತ್ತದೆ. ಅಲ್ಲಿ ಬೆಂಕಿಪೆಟ್ಟಿಗೆಯಷ್ಟು ಸಾಧನ ಚುಚ್ಚಿದರೆ ಸಂಖ್ಯೆಯನ್ನು ಮೊಬೈಲಿನಲ್ಲೇ ಓದಬಹುದು. ಪಿ0171 ಎಂದು ಬಂದರೆ "ಗಾಳಿ ಜಾಸ್ತಿ, ಪೆಟ್ರೋಲ್ ಕಡಿಮೆ" ಎಂದು ಅರ್ಥ. ಗ್ಯಾರೇಜಿನವರ ಮಾತಿನಲ್ಲಿ ಲೀನ್. ಆದರೆ ನೆನಪಿಡಿ, ಈ ಸಂಖ್ಯೆ ಹಾಲು ಉಕ್ಕಿತು ಎಂದಷ್ಟೇ ಹೇಳುತ್ತದೆ, ಒಲೆ ದೊಡ್ಡದು ಮಾಡಿದವರು ಯಾರು ಎಂದು ಹೇಳುವುದಿಲ್ಲ.

ಇಂಜಿನ್ನಿಗೂ ಒಂದು ಹದ ಉಂಟು. ಒಂದು ಗ್ರಾಂ ಪೆಟ್ರೋಲಿಗೆ ಸುಮಾರು 14.7 ಗ್ರಾಂ ಗಾಳಿ. ಲೀಟರಿನ ಲೆಕ್ಕದಲ್ಲಿ ಹೇಳಿದರೆ ಒಂದು ಲೀಟರ್ ಪೆಟ್ರೋಲ್ ಉರಿಯಲು ಹತ್ತಿರಹತ್ತಿರ ಒಂಬತ್ತು ಸಾವಿರ ಲೀಟರ್ ಗಾಳಿ ಬೇಕು! ನಾವು ರೊಟ್ಟಿ ಹಿಟ್ಟಿಗೆ ಅಳೆದು ಎಸರು ಹಾಕಿ ನಾದುವಾಗ, ಹಿಂದಿನಿಂದ ಯಾರೋ ಗೊತ್ತಾಗದಂತೆ ಅರ್ಧ ತಂಬಿಗೆ ನೀರು ಸುರುವಿದರೆ ಹಿಟ್ಟು ಏನಾದೀತು? ಫಿಲ್ಟರಿನ ದಾರಿಯಲ್ಲಿ ಬಂದ ಗಾಳಿಯನ್ನು ಕಂಪ್ಯೂಟರು ಅಳೆಯುತ್ತದೆ. ತೂತಿನಿಂದ ಒಳನುಗ್ಗಿದ ಗಾಳಿಯ ಲೆಕ್ಕ ಅದಕ್ಕೆ ಸಿಗುವುದಿಲ್ಲ.

ತೂತಿನಿಂದ ಗಾಳಿ ಹೊರಗೆ ಹೋಗಬೇಕಲ್ಲ, ಒಳಗೇಕೆ ಬರುತ್ತದೆ ಎಂದು ಕೇಳುವಿರಿ. ಎಳನೀರಿನ ಕೊಳವೆಯಲ್ಲಿ ಸಣ್ಣ ಸೀಳು ಇದ್ದರೆ ನೀರಿನ ಬದಲು ಬಾಯಿಗೆ ಗಾಳಿ ಬರುತ್ತದಲ್ಲ, ಹಾಗೆ. ಗಾಡಿ ನಿಂತಲ್ಲೇ ಗುರುಗುಡುವಾಗ ಇಂಜಿನ್ನಿನ ಉಸಿರಿನ ಬಾಗಿಲು ಬಹುತೇಕ ಮುಚ್ಚಿರುತ್ತದೆ. ಒಳಗಿನ ಒತ್ತಡ ಹೊರಗಿನದರ ಅರ್ಧಕ್ಕಿಂತ ಕಡಿಮೆ. ಅಲ್ಲಿಗೆ ಜೋಡಿಸಿದ ರಬ್ಬರ್ ಪೈಪು ಸೀಳಿದರೂ ಸಾಕು, ಗ್ಯಾಸ್ಕೆಟ್ ಒಣಗಿದರೂ ಸಾಕು. ಗ್ಯಾಸ್ಕೆಟ್ ಎಂದರೆ ನಮ್ಮ ಕುಕ್ಕರಿನ ರಬ್ಬರಿನ ಅಣ್ಣ ಎಂದುಕೊಳ್ಳಿ.

ನಮ್ಮ ಗಾಡಿಯ ಕತೆ ಹೀಗಾಯಿತು. ಬೈಲಹೊಂಗಲದಿಂದ ನನ್ನ ತವರು ರಾಮದುರ್ಗಕ್ಕೆ ಹೋಗಿ ಬಂದ ಮೇಲೆ ದೀಪ ಹತ್ತಿತು. ಸಿಗ್ನಲ್ಲಿನಲ್ಲಿ ನಿಂತರೆ ಗಾಡಿ ಚಳಿಜ್ವರ ಬಂದವರಂತೆ ನಡುಗುವುದು. ದೊಡ್ಡ ಊರಿನ ಒಂದು ಗ್ಯಾರೇಜಿನಲ್ಲಿ ಸಂಖ್ಯೆ ನೋಡಿ ಆಕ್ಸಿಜನ್ ಸೆನ್ಸರ್ ಬದಲಿಸಿದರು. ಮಗಳ ಫೀಜಿಗೆಂದು ತೆಗೆದಿಟ್ಟ 6,200 ರೂಪಾಯಿ ಹೋಯಿತು. ದೀಪ ನಾಲ್ಕು ದಿನ ಆರಿತ್ತು, ಐದನೆಯ ದಿನ ಮತ್ತೆ ಹಾಜರು. ಸಂಖ್ಯೆ ಅಳಿಸಿದರೆ ದೀಪ ಆರಿಯೇ ಆರುತ್ತದೆ, ಅದರಲ್ಲೇನು ದೊಡ್ಡಸ್ತಿಕೆ?

ಬನದ ಹುಣ್ಣಿಮೆ ಎದುರಿಗಿತ್ತು. ಸವದತ್ತಿ ಎಲ್ಲಮ್ಮನ ಗುಡ್ಡಕ್ಕೆ ಹೋಗಿ ಪಡ್ಡಲಗಿ ತುಂಬಿಸಬೇಕು. ಅತ್ತೆಯವರು ಮಾತ್ರ, "ತಾಯಿ ಕರಸ್ಕೊಂಡ್ರ ಬಸ್ಸಿಗೇ ಹೋಗೂನು. ಈ ಗಾಡ್ಯಾಗ ನಾ ಕುಂದ್ರಂಗಿಲ್ಲವಾ" ಎಂದು ಕಡ್ಡಿ ಮುರಿದಂತೆ ಹೇಳಿಬಿಟ್ಟರು. ಆಗ ನಮ್ಮ ಓಣಿಯ ಹಿಂದಿನ ಮುದಿ ಮಿಸ್ತ್ರಿಯನ್ನು ಕರೆಸಿದೆವು. ಅವರು ಮಾಡಿದ ಮೊದಲ ಕೆಲಸವೆಂದರೆ ಬಾನೆಟ್ ಎತ್ತಿ, ಒಂದು ತುಂಡು ಪೈಪಿನ ಒಂದು ತುದಿಯನ್ನು ಕಿವಿಗಿಟ್ಟುಕೊಂಡು, ಇನ್ನೊಂದನ್ನು ಇಂಜಿನ್ನಿನ ಮೇಲೆಲ್ಲ ಆಡಿಸಿದ್ದು. ಥೇಟ್ ಡಾಕ್ಟರು!

"ಅಕ್ಕಾರ, ಕೇಳ್ರಿಲ್ಲೆ. ಎಲ್ಲೋ ಕಳ್ಳದಾರೀಲೆ ಉಸರು ತಗೊಳ್ಳಾಕತ್ತೇತಿ" ಎಂದರು. ಕಿವಿಗೊಟ್ಟೆ. ಹಾವು ಬುಸುಗುಟ್ಟಿದಂಥ ಸಪ್ಪಳ. ಇಕ್ಕಳದಿಂದ ಒಂದು ದಪ್ಪ ಪೈಪನ್ನು ಇಂಜಿನ್ನಿನ ಬುಡಕ್ಕೇ ಒತ್ತಿ ಹಿಡಿದರು, ನಡುಕ ನಿಂತಿತು. ಬಿಟ್ಟರು, ಮತ್ತೆ ನಡುಕ. ಇಲಿ ಕಡಿದ ಪೈಪು! ಅದು ಬ್ರೇಕಿಗೆ ಬಲ ಕೊಡುವ ಬೂಸ್ಟರಿಗೆ ಹೋಗುವ ಪೈಪು ಎಂದು ಅವರು ಹೇಳಿದಾಗ ನನ್ನ ಕೈಕಾಲು ತಣ್ಣಗಾದವು. ನಾಲ್ಕು ಜನ ಕೂತು ಗುಡ್ಡ ಇಳಿಯುವಾಗ, ಕಿತ್ತೂರಿನ ಹತ್ತಿರ ಹೈವೇ ಹತ್ತಿದಾಗ, ಒತ್ತಿದರೂ ಒತ್ತಿಸಿಕೊಳ್ಳದ ಬ್ರೇಕು ಯಾರಿಗೆ ಬೇಕು? ಪೈಪು, ಕ್ಲಾಂಪು, ಮಜೂರಿ ಎಲ್ಲ ಸೇರಿ 850 ರೂಪಾಯಿ. ಅತ್ತೆಯವರು ಗುಡ್ಡಕ್ಕೆ ಅದೇ ಗಾಡಿಯಲ್ಲಿ, ಮುಂದಿನ ಸೀಟಿನಲ್ಲೇ ಕೂತು ಬಂದರು.

ಬ್ರೇಕಿನ ಪರೀಕ್ಷೆ ಮನೆಯಲ್ಲೇ ಮಾಡಬಹುದು. ಗಾಡಿ ಸಪಾಟಾದ ಜಾಗದಲ್ಲಿರಲಿ, ಹ್ಯಾಂಡ್‌ಬ್ರೇಕ್ ಎಳೆದಿರಲಿ, ಗೇರು ನ್ಯೂಟ್ರಲ್ಲಿನಲ್ಲಿರಲಿ. ಇಂಜಿನ್ ಬಂದ್ ಇರುವಾಗ ಬ್ರೇಕನ್ನು ನಾಲ್ಕೈದು ಸಲ ತುಳಿಯಿರಿ, ಗಟ್ಟಿಯಾಗುತ್ತದೆ. ಕಾಲು ತೆಗೆಯದೆ ಇಂಜಿನ್ ಶುರು ಮಾಡಿ. ಪೆಡಲ್ ತುಸು ಕೆಳಗೆ ಇಳಿಯಬೇಕು. ಇಳಿಯದೆ ಕಲ್ಲಿನಂತೆ ನಿಂತರೆ ಗಾಡಿ ಅಂಗಳ ದಾಟಿಸಬೇಡಿ, ಮಿಸ್ತ್ರಿಯನ್ನೇ ಮನೆಗೆ ಕರೆಸಿ.

ಇನ್ನು ಸಾಧನ ಚುಚ್ಚಿ ನೋಡುವವರಿಗೆ ಒಂದು ಗುಟ್ಟು. ಅದರಲ್ಲಿ ಫ್ಯೂಯೆಲ್ ಟ್ರಿಮ್ ಎಂದು ಶೇಕಡಾ ಲೆಕ್ಕ ಬರುತ್ತದೆ. ಕಂಪ್ಯೂಟರು ಎಷ್ಟು ಹೆಚ್ಚು ಪೆಟ್ರೋಲ್ ಬಡಿಸುತ್ತಿದೆ ಎಂಬುದರ ಲೆಕ್ಕ ಅದು. ಹತ್ತರ ಒಳಗಿದ್ದರೆ ಚಿಂತೆಯಿಲ್ಲ. ನಿಂತಲ್ಲಿ 20, 25 ಇದ್ದು, ರೇಸ್ ಕೊಟ್ಟಾಗ ಇಳಿದರೆ ಗಾಳಿ ಸೋರುವ ಗುಮಾನಿ, ಏಕೆಂದರೆ ದೊಡ್ಡ ಬಾಗಿಲು ತೆರೆದಾಗ ಸಣ್ಣ ತೂತಿನ ಪಾಲು ಲೆಕ್ಕಕ್ಕೆ ಬರುವುದಿಲ್ಲ. ರೇಸ್ ಕೊಟ್ಟಷ್ಟೂ ಏರಿದರೆ ಪೆಟ್ರೋಲ್ ಪಂಪು, ಫಿಲ್ಟರುಗಳ ಕಡೆ ನೋಡಬೇಕು. ಒಳಗಿನ ಒತ್ತಡ ನೋಡಿಯೇ ಗಾಳಿಯ ಅಂದಾಜು ಮಾಡುವ ಕೆಲವು ಸಣ್ಣ ಕಾರುಗಳಲ್ಲಿ ಈ ಸಂಖ್ಯೆ ಬಾರದೆಯೂ ಇರಬಹುದು, ನಿಂತಲ್ಲೇ ರೇಸ್ ಏರಿ ಕೂತಿರುತ್ತದೆ. ಎಷ್ಟು ಹುಡುಕಿದರೂ ತೂತು ಸಿಗದಿದ್ದರೆ ಪೈಪಿನೊಳಗೆ ಹೊಗೆ ಊದುವ ಯಂತ್ರ ಇರುವಲ್ಲಿಗೆ ಒಯ್ಯಿರಿ, ಸೀಳಿದಲ್ಲಿ ಹೊಗೆ ಎದ್ದು ಕಾಣುತ್ತದೆ. ಕೆಲವರು ಬಿಸಿ ಇಂಜಿನ್ನಿನ ಮೇಲೆ ಉರಿಯುವ ಸ್ಪ್ರೇ ಹೊಡೆದು ಹುಡುಕುತ್ತಾರೆ. ಅದು ನಮ್ಮ ಅಂಗಳದಲ್ಲಂತೂ ಬೇಡವೇ ಬೇಡ.

ಬಾನೆಟ್ ಎತ್ತುವಾಗ ಸೆರಗು ಸಿಕ್ಕಿಸಿ, ಜಡೆ ಮೇಲೆ ಕಟ್ಟಿ, ಬಳೆ ಹಿಂದೆ ಸರಿಸಿ. ಇಂಜಿನ್ ಬಂದಾದ ಮೇಲೂ ಫ್ಯಾನು ತಾನಾಗಿಯೇ ತಿರುಗಬಹುದು. ಹತ್ತಿಕಾಳು, ಜೋಳದ ಚೀಲ ಇಟ್ಟ ಕೋಣೆಯ ಪಕ್ಕದಲ್ಲಿ ಗಾಡಿ ನಿಲ್ಲಿಸುವವರು ವಾರಕ್ಕೊಮ್ಮೆ ಬಾನೆಟ್ ಎತ್ತಿ ಹಿಕ್ಕೆ ಬಿದ್ದಿದೆಯೇ ನೋಡಿ. ನಮ್ಮ ಚೀಲಗಳನ್ನಂತೂ ಅಟ್ಟಕ್ಕೆ ಏರಿಸಿದ್ದೇವೆ.