ನೀರಿನಿಂದ ಎತ್ತಿದ ಹಾಳೆ

'ದೇಶ ಸುತ್ತು, ಕೋಶ ಓದು' ಎಂದು ಹಿರಿಯರು ಹೇಳುತ್ತಲೇ ಬಂದಿದ್ದಾರೆ. ಇವೆರಡೂ ಒಂದೇ ಕಡೆ ಕೂಡುವ ಊರೊಂದು ಜಪಾನಿನಲ್ಲಿದೆ. ಅಲ್ಲಿಗೆ ಹೋದವರು ಕೋಶವನ್ನು ಓದುವುದಿಲ್ಲ, ಕೋಶದ ಹಾಳೆಯನ್ನೇ ತಮ್ಮ ಕೈಯಾರೆ ಮಾಡುತ್ತಾರೆ.

ಜಪಾನಿಗೆ ಹೊರಟವರ ಪಟ್ಟಿಯಲ್ಲಿ ಟೋಕಿಯೋದ ದೀಪಗಳು, ಕ್ಯೋಟೋದ ದೇಗುಲಗಳು, ಫ್ಯೂಜಿ ಪರ್ವತ ಇದ್ದೇ ಇರುತ್ತವೆ. 2024ರಲ್ಲಿ ಆ ದೇಶಕ್ಕೆ ಬಂದ ವಿದೇಶಿಯರ ಸಂಖ್ಯೆ ಮೂರೂವರೆ ಕೋಟಿಯನ್ನು ಮೀರಿತು. ಅನೇಕರು ನೋಡುತ್ತಾರೆ, ಚಿತ್ರ ತೆಗೆದುಕೊಳ್ಳುತ್ತಾರೆ, ಹಿಂತಿರುಗುತ್ತಾರೆ. ಅದರಲ್ಲಿ ತಪ್ಪೇನಿಲ್ಲ. ಆದರೆ ಒಂದು ನಾಡಿನ ಸಂಸ್ಕೃತಿ ಅದರ ಕಟ್ಟಡಗಳಲ್ಲಿ ಇರುವಷ್ಟೇ ಅದರ ಜನರ ಬೆರಳುಗಳಲ್ಲೂ ಇರುತ್ತದೆ. ಬೆರಳಿನ ವಿದ್ಯೆಯನ್ನು ಬೆರಳಿನಿಂದಲೇ ತಿಳಿಯಬೇಕು.

ಅಂಥ ವಿದ್ಯೆಯ ಊರು ಎಚಿಜೆನ್. ಜಪಾನ್ ಸಮುದ್ರದ ಕಡೆಗಿರುವ ಫುಕುಯಿ ಪ್ರಾಂತ್ಯದಲ್ಲಿದೆ. 2024ರ ಮಾರ್ಚ್‌ನಲ್ಲಿ ಹೊಕುರಿಕು ಶಿಂಕಾನ್ಸೆನ್ ರೈಲುಮಾರ್ಗ ತ್ಸುರುಗಾದವರೆಗೆ ಮುಂದುವರಿದು, ಎಚಿಜೆನ್-ತಾಕೆಫು ಎಂಬ ನಿಲ್ದಾಣವೂ ಆದ ಮೇಲೆ ದಾರಿ ಸುಲಭವಾಗಿದೆ. ಕಾಗದ ಮಾಡುವವರ ಹಳ್ಳಿಗಳು ಬೆಟ್ಟದ ಮಗ್ಗುಲಲ್ಲಿವೆ. ಸುಮಾರು 1,500 ವರ್ಷಗಳ ಹಿಂದೆ ಇಲ್ಲಿನ ಹೊಳೆಯ ಮೇಲ್ದಂಡೆಯಲ್ಲಿ ಒಬ್ಬ ಸ್ತ್ರೀ ಕಾಣಿಸಿಕೊಂಡಳಂತೆ. ಕಣಿವೆಯಲ್ಲಿ ಗದ್ದೆ ಕಡಿಮೆಯಾದರೂ ತಿಳಿನೀರು ಧಾರಾಳವಾಗಿದೆ, ಕಾಗದ ಮಾಡಿ ಬದುಕಬಹುದು ಎಂದು ಜನರಿಗೆ ಆ ವಿದ್ಯೆ ಕಲಿಸಿದಳಂತೆ. ಅವಳನ್ನು ಕವಾಕಮಿ ಗೊಜೆನ್ ಎಂದು ಊರಿನವರು ಇಂದಿಗೂ ಪೂಜಿಸುತ್ತಾರೆ. ಕಥೆ ನಿಜವೋ ಅಲ್ಲವೋ, ಅದರೊಳಗಿನ ಭೂಗೋಳವಂತೂ ನಿಜ.

ಇಲ್ಲಿ ಹಳೆಯ ಕಾಗದಗಾರರ ಮನೆಯೊಂದನ್ನು ಉಳಿಸಿಕೊಂಡು, ಕುಶಲಕರ್ಮಿಗಳು ಕೆಲಸ ಮಾಡುವುದನ್ನು ಬಂದವರಿಗೆ ತೋರಿಸುತ್ತಾರೆ. ಕಚ್ಚಾವಸ್ತು ಕೋಜೊ ಎಂಬ ಗಿಡದ ಒಳತೊಗಟೆ. ಈ ಗಿಡ ನಮ್ಮ ಹಿಪ್ಪುನೇರಳೆಯ ಕುಟುಂಬಕ್ಕೇ ಸೇರಿದ್ದು. ತೊಗಟೆಯನ್ನು ಸುಲಿದು, ಕ್ಷಾರದ ನೀರಿನಲ್ಲಿ ಬೇಯಿಸುತ್ತಾರೆ. ಬೆಂದ ನಾರನ್ನು ನೀರಿನಲ್ಲಿ ಹರಡಿ ಚುಕ್ಕೆ, ಚೂರು, ಕಸಗಳನ್ನು ಬೆರಳಿನಿಂದ ಒಂದೊಂದಾಗಿ ಆರಿಸುತ್ತಾರೆ. ಮೊರದಲ್ಲಿ ಅಕ್ಕಿ ಆರಿಸುವ ತಾಯಂದಿರಿಗೆ ಈ ತಾಳ್ಮೆ ಹೊಸದಲ್ಲ. ಆದರೆ ಇಲ್ಲಿ ಕೈ ತಣ್ಣೀರಿನಲ್ಲಿರುತ್ತದೆ, ಕಾಲ ಚಳಿಗಾಲವಾಗಿರುತ್ತದೆ.

ಚಳಿಗಾಲವೇ ಏಕೆ? ಇದಕ್ಕೆ ಉತ್ತರ ಇನ್ನೊಂದು ಗಿಡದಲ್ಲಿದೆ. ತೊರೊರೊ-ಆವೊಯಿ ಎಂಬುದು ನಮ್ಮ ಬೆಂಡೆಯ ಹತ್ತಿರದ ಬಂಧು. ಅದರ ಬೇರನ್ನು ಜಜ್ಜಿ ನೀರಿನಲ್ಲಿಟ್ಟರೆ, ಬೆಂಡೆಕಾಯಿ ಹೆಚ್ಚುವಾಗ ಕೈಗೆ ಹತ್ತುವಂಥ ಲೋಳೆ ಬರುತ್ತದೆ. ಇದನ್ನು ಅಂಟೆಂದು ತಿಳಿಯಬಾರದು. ತೊಟ್ಟಿಯ ನೀರಿನಲ್ಲಿ ನಾರು ಗಂಟು ಕಟ್ಟದೆ ತೇಲುವಂತೆ, ಬಿದಿರಿನ ಜಾಲರಿಯ ಮೂಲಕ ನೀರು ನಿಧಾನವಾಗಿ ಇಳಿಯುವಂತೆ ಮಾಡುವುದು ಇದರ ಕೆಲಸ. ಬಿಸಿಲೇರಿದರೆ ಲೋಳೆಯ ಶಕ್ತಿ ಕುಂದುತ್ತದೆ. ಆದ್ದರಿಂದಲೇ ಒಳ್ಳೆಯ ಕಾಗದಕ್ಕೆ ಚಳಿಗಾಲ ಬೇಕು.

ನೀರು ನಿಧಾನವಾಗಿ ಇಳಿಯುವುದರಿಂದ ಜಾಲರಿಯನ್ನು ಹಿಂದೆ ಮುಂದೆ, ಎಡಕ್ಕೆ ಬಲಕ್ಕೆ ಆಡಿಸಲು ಸಮಯ ಸಿಗುತ್ತದೆ. ನಾರುಗಳು ಒಂದರೊಳಗೊಂದು ಹೆಣೆದುಕೊಳ್ಳುತ್ತವೆ. ಹಸಿ ಹಾಳೆಗಳನ್ನು ಒಂದರ ಮೇಲೊಂದು ಪೇರಿಸುತ್ತಾರೆ. ನಡುವೆ ಬಟ್ಟೆಯೂ ಇರುವುದಿಲ್ಲ. ಭಾರವಿಟ್ಟು ನೀರು ಹಿಂಡಿದ ಮೇಲೆ ಅವೇ ಹಾಳೆಗಳು ಬೇರೆ ಬೇರೆಯಾಗಿ ಎದ್ದು ಬರುತ್ತವೆ! ಒಣಗುವಾಗ ನಾರಿನ ಸೆಲ್ಯುಲೋಸ್ ಅಣುಗಳ ನಡುವೆ ಹೈಡ್ರೋಜನ್ ಬಂಧ ಏರ್ಪಟ್ಟು ಹಾಳೆ ಗಟ್ಟಿಯಾಗುತ್ತದೆ. ಪಠ್ಯಪುಸ್ತಕದಲ್ಲಿ ಒಂದು ಸಾಲಾಗಿ ಓದಿ ಮರೆಯುವ ಸಂಗತಿ ಇಲ್ಲಿ ಕೈಗೆ ಸಿಗುತ್ತದೆ.

ಇಷ್ಟನ್ನು ನೋಡಿದ ಪ್ರವಾಸಿಗೆ ಹತ್ತಿರದಲ್ಲೇ ತಾನೂ ಒಂದು ಹಾಳೆ ಎತ್ತಿ ನೋಡುವ ಅವಕಾಶವಿದೆ. ಅಂಚೆ ಕಾರ್ಡಿನಷ್ಟು ಸಣ್ಣ ಚೌಕಟ್ಟು. ಕುಶಲಕರ್ಮಿ ಮಾಡುವಾಗ ಸಲೀಸಾಗಿ ಕಂಡದ್ದು ತನ್ನ ಕೈಗೆ ಬಂದಾಗ ಹಟ ಹಿಡಿಯುತ್ತದೆ. ಒಂದು ಮಗ್ಗುಲು ದಪ್ಪ, ಇನ್ನೊಂದು ಮಗ್ಗುಲು ತೆಳು. ಆ ಸೊಟ್ಟ ಹಾಳೆಯನ್ನು ಹಿಡಿದಾಗ ಪ್ರವಾಸಿಗೆ ಎದುರಿನ ಕೈಗಳ ಬೆಲೆ ಗೊತ್ತಾಗುತ್ತದೆ. ಅಂಗಡಿಯಲ್ಲಿ ಒಂದು ಹಾಳೆಗೆ ಅಷ್ಟೇಕೆ ಕ್ರಯ ಎಂದು ಅವನು ಆಮೇಲೆ ಕೇಳುವುದಿಲ್ಲ.

ಈ ಕಾಗದದ ಆಯುಸ್ಸು ಎಷ್ಟು? ಮಾಮೂಲಿ ಕಾಗದದ ಮರದ ನಾರು ಒಂದರಿಂದ ಮೂರು ಮಿಲಿಮೀಟರ್ ಉದ್ದವಿದ್ದರೆ, ಕೋಜೊ ನಾರು ಸುಮಾರು 10 ಮಿಲಿಮೀಟರ್. ನಾರಾ ನಗರದ ಶೋಸೋಇನ್ ಭಂಡಾರದಲ್ಲಿ ಕ್ರಿ.ಶ. 702ರ ಜನಗಣತಿಯ ಕಾಗದಗಳು ಇಂದಿಗೂ ಉಳಿದಿವೆ. ಜಗತ್ತಿನ ದೊಡ್ಡ ವಸ್ತುಸಂಗ್ರಹಾಲಯಗಳು ಹರಿದ ಹಳೆಯ ಪತ್ರಗಳಿಗೆ ತೇಪೆ ಹಾಕಲು ಜಪಾನಿನ ಕೈಕಾಗದವನ್ನೇ ಬಳಸುತ್ತವೆ.

ಕಾಗದ ಬಾಳುತ್ತದೆ, ಸರಿ. ಮಾಡುವವರು? 1901ರಲ್ಲಿ ಜಪಾನಿನಲ್ಲಿ 68,000ಕ್ಕೂ ಹೆಚ್ಚು ಮನೆಗಳು ಕೈಕಾಗದ ಮಾಡುತ್ತಿದ್ದವು. ಆ ಸಂಖ್ಯೆ ಈಗ ಕೆಲವೇ ನೂರಕ್ಕೆ ಇಳಿದಿದೆ. ಕೋಜೊ ಮತ್ತು ತೊರೊರೊ-ಆವೊಯಿ ಬೆಳೆಯುವ ರೈತರೂ ಕಡಿಮೆಯಾಗುತ್ತಿದ್ದಾರೆ. 2014ರಲ್ಲಿ ಯುನೆಸ್ಕೋ ಈ ಕೌಶಲವನ್ನು ಮಾನವಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು. ಎಚಿಜೆನ್‌ನಲ್ಲಿ ಇವಾನೊ ಇಚಿಬೆಯಿ ಎಂಬ ಹೆಸರು ಮನೆತನದಲ್ಲಿ ತಲೆಮಾರಿನಿಂದ ತಲೆಮಾರಿಗೆ ಬಂದದ್ದು. ಆ ಹೆಸರಿನ ಒಂಬತ್ತನೆಯವರನ್ನು 2000ದಲ್ಲಿ ಸರ್ಕಾರ ಜೀವಂತ ರಾಷ್ಟ್ರೀಯ ನಿಧಿಯೆಂದು ಗೌರವಿಸಿತು. ಎಂಟನೆಯವರಿಗೂ ಆ ಗೌರವ ಸಂದಿತ್ತು. ಪಟ್ಟಿ, ಪದವಿಗಳು ವಿದ್ಯೆಗೆ ಮಾನ ಕೊಡುತ್ತವೆ. ಅದನ್ನು ಉಳಿಸುವುದು ಮಾತ್ರ ಕಲಿಯಲು ಬರುವ ಮುಂದಿನ ಕೈ.

ಮಕ್ಕಳನ್ನು ಪ್ರವಾಸಕ್ಕೆ ಕರೆದೊಯ್ಯುವ ತಂದೆತಾಯಂದಿರು ನೋಡಬೇಕಾದ ಹತ್ತು ಜಾಗಗಳ ಜೊತೆಗೆ ಮಾಡಿ ನೋಡಬೇಕಾದ ಒಂದು ಕೆಲಸವನ್ನೂ ಬರೆದುಕೊಳ್ಳಲಿ. ಹೋಗುವ ಊರು ಜಪಾನೇ ಆಗಬೇಕೆಂದಿಲ್ಲ. ಹೋಗಲಾಗದ ವಿದ್ಯಾರ್ಥಿಗಳು ಈ ಪುರವಣಿಯ ಒಂದು ಮೂಲೆಯನ್ನು ಹರಿದು ಬೆಳಕಿಗೆ ಹಿಡಿಯಲಿ. ಅಂಚಿನಲ್ಲಿ ಪುಟ್ಟ ಪುಟ್ಟ ಎಳೆಗಳು ಕಾಣುತ್ತವೆ. ಅವು ಒಂದು ಕಾಲಕ್ಕೆ ಯಾವುದೋ ಮರದಲ್ಲಿದ್ದವು, ಆಮೇಲೆ ನೀರಿನಲ್ಲಿ ತೇಲಿದ್ದವು.