ಕೆಂಪು ಕಾಣೆಯಾದ ದಿನ

ವಿಜ್ಞಾನ ಪಾಠ ಹೇಳುತ್ತಾ ಹತ್ತಿರ ಹತ್ತಿರ ಮೂವತ್ತು ವರ್ಷವಾಯಿತು. ಲೋಲಕದ ಪ್ರಯೋಗ ಮಾಡಿಸುವಾಗ ಪ್ರತಿ ವರ್ಷವೂ ತಪ್ಪದೆ ಹೇಳುವ ಮಾತೊಂದಿದೆ: ‘ದಾರದ ಉದ್ದ ಬದಲಾಯಿಸುವಾಗ ಗುಂಡನ್ನು ಬದಲಾಯಿಸಬೇಡಿ. ಒಂದು ಸಲಕ್ಕೆ ಒಂದೇ.’ ಆ ಮಾತು ತಿರುಗಿ ನನಗೇ ಪಾಠವಾದ ಸಂಗತಿಯನ್ನು ಹೇಳಿಕೊಳ್ಳಲು ತುಸು ನಾಚಿಕೆ. ಆದರೂ ಹೇಳುತ್ತೇನೆ.

ಮಗಳು ದ್ವಿತೀಯ ಪಿಯುಸಿ. ಕಂಪ್ಯೂಟರಿನಲ್ಲಿ ಪಾಠದ ವಿಡಿಯೊ ನೋಡುತ್ತಾ, ಜೊತೆಗೇ ಹಳೆಯ ಪ್ರಶ್ನೆಪತ್ರಿಕೆ ತೆರೆದಿಟ್ಟು ಲೆಕ್ಕ ಬಿಡಿಸುವುದು ಅವಳ ಕ್ರಮ. ಒಂದೇ ಪರದೆಯಲ್ಲಿ ಎರಡನ್ನೂ ತೆರೆದು ಮುಚ್ಚಿ ಅವಳಿಗೆ ಸಾಕಾಗಿತ್ತು. ‘ಅಪ್ಪಾ, ಅಟ್ಟದ ಮೇಲಿನ ಹಳೇ ಮಾನಿಟರನ್ನೂ ಜೋಡಿಸೋಣವಾ?’ ಎಂದಳು. ಅವಳೇ ಇಳಿಸಿ ತಂದಳು. ತರುವಾಗ ಅದು ಬಾಗಿಲ ಚೌಕಟ್ಟಿಗೆ ಟಕ್ಕೆಂದು ತಾಗಿತು. ನಾನು ನೋಡಿದೆ, ಸುಮ್ಮನಿದ್ದೆ.

ಹೊಸ ಮಾನಿಟರಿಗೆ ಎಚ್‌ಡಿಎಂಐ ಕೇಬಲ್. ಹಳೆಯದಕ್ಕೆ ವಿಜಿಎ ಎಂಬ ನೀಲಿ ಮೂತಿಯ ಕೇಬಲ್. 1987ರಲ್ಲಿ ಐಬಿಎಂ ಕಂಪನಿ ತಂದ ಮಾದರಿ. ನಮ್ಮ ಕಂಪ್ಯೂಟರಿನ ಬೆನ್ನಿನಲ್ಲಿ ಎರಡಕ್ಕೂ ಜಾಗವಿದೆ. ಮೇಜಿನ ಕೆಳಗೆ ಕತ್ತಲಲ್ಲಿ ತಡಕಾಡಿ, ಬಲ ಹಾಕಿ ಸಿಕ್ಕಿಸಿದವನು ನಾನು.

ಪರದೆ ಕಪ್ಪಾಗಿಯೇ ಇತ್ತು. ಮಗಳು ವಿಂಡೋಸ್ ಕೀಲಿಯನ್ನೂ ‘ಪಿ’ ಕೀಲಿಯನ್ನೂ ಒಟ್ಟಿಗೆ ಒತ್ತಿ ‘ಎಕ್ಸ್‌ಟೆಂಡ್’ ಆರಿಸಿದಳು. ‘ಡೂಪ್ಲಿಕೇಟ್’ ಎಂದರೆ ಎರಡರಲ್ಲೂ ಒಂದೇ ಚಿತ್ರ. ‘ಎಕ್ಸ್‌ಟೆಂಡ್’ ಎಂದರೆ ಎರಡೂ ಸೇರಿ ಒಂದೇ ದೊಡ್ಡ ಮೇಜು. ಹಳೆಯ ಪರದೆ ಬೆಳಗಿತು. ಆದರೆ ಬಿಳಿ ಇರಬೇಕಾದಲ್ಲೆಲ್ಲ ಹಸಿರು ಬೆರೆತ ನೀಲಿ. ಪಾಠ ಹೇಳುತ್ತಿದ್ದ ಮೇಷ್ಟರ ಮುಖಕ್ಕೆ ಪಾಚಿ ಕಟ್ಟಿದ ಹಾಗಿತ್ತು!

‘ನೀನು ತಾಗಿಸಿದ್ದಕ್ಕೇ ಹೀಗಾಯ್ತು’ ಎಂದುಬಿಟ್ಟೆ. ಅವಳು ಎದುರಾಡಲಿಲ್ಲ. ಎದ್ದು ಒಳಗೆ ಹೋದಳು.

ನಾನು ರಿಪೇರಿಗಿಳಿದೆ. ಬಣ್ಣದ ಸೆಟ್ಟಿಂಗ್ ತಿರುವಿದೆ, ರೆಸಲ್ಯೂಶನ್ ಬದಲಿಸಿದೆ, ಡ್ರೈವರ್ ತೆಗೆದು ಮತ್ತೆ ಹಾಕಿದೆ. ಎಲ್ಲವೂ ಒಂದೇ ಏಟಿಗೆ. ಗಂಟೆ ಕಳೆದರೂ ಹಳೆಯ ಪರದೆ ಹಾಗೇ ಇತ್ತು. ಸರಿಯಿದ್ದ ಹೊಸದರಲ್ಲಿ ಅಕ್ಷರಗಳು ಮಸುಕಾಗಿದ್ದವು. ಯಾವುದರಿಂದ ಹೀಗಾಯಿತೆಂದು ನನಗೇ ತಿಳಿಯದು.

ನೀರು ಕುಡಿಯಲು ಬಂದ ಮಗಳು ಬಾಗಿಲಲ್ಲಿ ನಿಂತು ಮೆಲ್ಲಗೆ, ‘ಒಂದು ಸಲಕ್ಕೆ ಒಂದೇ ಅಲ್ವಾ, ಅಪ್ಪಾ?’ ಎಂದಳು.

ಬದಲಿಸಿದ್ದನ್ನೆಲ್ಲ ಮೊದಲಿನಂತೆ ಮಾಡಿ, ಇಬ್ಬರೂ ಕುಳಿತು ಯೋಚಿಸಿದೆವು. ಕೆಂಪು, ಹಸಿರು, ನೀಲಿ ಬೆಳಕು ಸೇರಿದರೆ ಬಿಳಿ. ಕೆಂಪು ತಪ್ಪಿದರೆ ಉಳಿಯುವುದು ಈ ಪಾಚಿ ಬಣ್ಣವೇ. ವಿಜಿಎ ಕೇಬಲಿನಲ್ಲಿ ಮೂರಕ್ಕೂ ಬೇರೆ ಬೇರೆ ತಂತಿಗಳಿವೆ. ಹಾಗಾದರೆ ಕೆಂಪು ತಪ್ಪಿಸಿಕೊಂಡದ್ದು ಎಲ್ಲಿ? ಕಂಪ್ಯೂಟರಿನಲ್ಲೋ, ದಾರಿಯಲ್ಲೋ, ಮಾನಿಟರಿನಲ್ಲೋ?

ಮಗಳು ಮಾನಿಟರಿನ ಅಂಚಿನಲ್ಲಿದ್ದ ಮೆನು ಗುಂಡಿ ಒತ್ತಿದಳು. ಆ ಮೆನುವನ್ನು ಬರೆಯುವುದು ಕಂಪ್ಯೂಟರಲ್ಲ, ಮಾನಿಟರೇ. ಅದರಲ್ಲಿದ್ದ ಪುಟ್ಟ ಕೆಂಪು ಗುರುತು ಕೆಂಪಾಗಿಯೇ ಕಂಡಿತು! ಮಾನಿಟರ್ ನಿರಪರಾಧಿ. ತಂದವಳೂ ನಿರಪರಾಧಿ. ನಾನು ಅವಳ ಮುಖ ನೋಡಲಿಲ್ಲ.

ಪಕ್ಕದ ಮನೆಯಿಂದ ಅಂಥದೇ ಕೇಬಲ್ ತಂದೆವು. ಬೇರೇನನ್ನೂ ಮುಟ್ಟದೆ ಅದೊಂದನ್ನೇ ಬದಲಿಸಿದೆವು. ಬಿಳಿ ಬಿಳಿಯಾಯಿತು. ನಮ್ಮ ಕೇಬಲಿನ ಮೂತಿಯನ್ನು ಭೂತಗನ್ನಡಿಯಲ್ಲಿ ನೋಡಿ, ‘ಹದಿನೈದು ಪಿನ್ ಇರಬೇಕು, ನಡುಸಾಲಿನಲ್ಲಿ ಒಂದಿಲ್ಲ, ಸಿಕ್ಕಿತು ಕಳ್ಳ!’ ಎಂದೆ. ಮಗಳು ಪಕ್ಕದ ಮನೆಯ ಕೇಬಲನ್ನು ಮುಂದೆ ಹಿಡಿದಳು. ಅದರಲ್ಲೂ ಆ ಪಿನ್ ಇರಲಿಲ್ಲ! ಒಂಬತ್ತನೆಯ ಪಿನ್ನನ್ನು ಎಷ್ಟೋ ಕೇಬಲುಗಳಲ್ಲಿ ತಯಾರಿಸುವಾಗಲೇ ಬಿಟ್ಟಿರುತ್ತಾರೆ. ನಿಜವಾದ ತಪ್ಪು ಮೂಲೆಯಲ್ಲಿತ್ತು. ಕೆಂಪನ್ನು ಒಯ್ಯುವ ಒಂದನೆಯ ಪಿನ್ ಮಡಚಿ ಮಲಗಿತ್ತು. ಅದು ಕಂಪ್ಯೂಟರಿನ ಕಡೆಯ ತುದಿ. ಮೇಜಿನ ಕೆಳಗೆ ಬಲ ಹಾಕಿದವರು ಯಾರೆಂದು ಮತ್ತೆ ಹೇಳಬೇಕಿಲ್ಲ.

ಕ್ಲಿಕ್ ಪೆನ್ಸಿಲಿನ ಕಡ್ಡಿ ತೆಗೆದು, ಅದರ ಟೊಳ್ಳು ತುದಿಯನ್ನು ಪಿನ್ನಿಗೆ ತೊಡಿಸಿ ನಿಧಾನವಾಗಿ ನೆಟ್ಟಗೆ ಮಾಡಿದೆ. ಕಂಪ್ಯೂಟರ್ ಆರಿಸಿ, ಈ ಸಲ ಟಾರ್ಚ್ ಹಿಡಿದು ಸಿಕ್ಕಿಸಿದೆ. ಮತ್ತೆ ಹಾಕಿದಾಗ ಮೇಷ್ಟರ ಮುಖಕ್ಕೆ ರಕ್ತ ಬಂದಿತ್ತು. ‘ತಪ್ಪು ನಂದೇ ಕಣಮ್ಮ’ ಎಂದೆ. ‘ನೆಟ್ಟಗಾಯ್ತಲ್ಲ ಬಿಡಿ’ ಎಂದಳು.

ಆ ರಾತ್ರಿ ನಿದ್ದೆ ಬರಲಿಲ್ಲ. ಕಿರುಪರೀಕ್ಷೆಯಲ್ಲಿ ಅವಳ ಅಂಕ ಇಳಿದಾಗಲೂ ನಾನು ಮಾಡಿದ್ದು ಇದನ್ನೇ ಅಲ್ಲವೇ? ಒಂದೇ ವಾರದಲ್ಲಿ ಮೊಬೈಲ್ ಕಿತ್ತುಕೊಂಡೆ, ಸಂಜೆಗೆ ಟ್ಯೂಷನ್ ಹಾಕಿದೆ, ಬೆಳಿಗ್ಗೆ ನಾಲ್ಕಕ್ಕೆ ಎಬ್ಬಿಸತೊಡಗಿದೆ. ಅಂಕ ಏರಲಿಲ್ಲ, ಯಾವುದು ಹಿತ, ಯಾವುದು ಅಹಿತ ಎಂದೂ ತಿಳಿಯಲಿಲ್ಲ. ಕೊನೆಗೆ ‘ನಿನಗೆ ಶ್ರದ್ಧೆಯಿಲ್ಲ’ ಎಂದು ತೀರ್ಪು ಕೊಟ್ಟಿದ್ದೆ. ಮೆನು ಗುಂಡಿ ಒತ್ತಿ ನೋಡಿರಲಿಲ್ಲ.

ಮರುದಿನ ಮೊದಲ ಬಾರಿಗೆ ಕೇಳಿದೆ: ‘ಎಲ್ಲಿ ತೊಂದರೆಯಾಗ್ತಿದೆ?’ ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಟ್ಯೂಷನ್ ಮುಗಿಸಿ ಬರೋದು ಎಂಟೂವರೆ. ಕೇಳಿದ್ದನ್ನ ನಾನೇ ಬಿಡಿಸಿ ನೋಡೋಕೆ ಹೊತ್ತೇ ಇಲ್ಲಪ್ಪಾ’ ಎಂದಳು.

ಟ್ಯೂಷನ್ ಒಂದನ್ನೇ ನಿಲ್ಲಿಸಿದ್ದೇವೆ. ಬೇರೆಲ್ಲ ಇದ್ದ ಹಾಗೇ ಇದೆ. ಈಗ ಸಂಜೆ ಎರಡು ಪರದೆಗಳ ಮುಂದೆ ಕುಳಿತು ಲೆಕ್ಕ ಬಿಡಿಸುತ್ತಾಳೆ. ಪ್ರಯೋಗ ನಡೆಯುತ್ತಿದೆ, ಫಲಿತಾಂಶ ಇನ್ನೂ ಬಂದಿಲ್ಲ.