ತಿಳಿದವನ ಬೆಲೆ

ದಿವಂಗತ ಮಿತ್ರರ ಪತ್ನಿ ಕಪಾಟಿನಿಂದ ಕ್ಯಾಮೆರಾವೊಂದನ್ನು ತೆಗೆದು, "ಅಣ್ಣಾ, ಹಳೆಯದು, ಎರಡು ಸಾವಿರ ಕೊಟ್ಟರೆ ಸಾಕು" ಎಂದರು. ಅದು 2004ರಲ್ಲಿ ಬಂದ ಎಪ್ಸನ್ ಆರ್‌-ಡಿ1. ಜಗತ್ತಿನ ಮೊದಲ ಡಿಜಿಟಲ್ ರೇಂಜ್‌ಫೈಂಡರ್. ಕೇವಲ 6 ಮೆಗಾಪಿಕ್ಸೆಲ್. ಪ್ರತಿ ಚಿತ್ರಕ್ಕೂ ಮೇಲಿನ ಲಿವರನ್ನು ಕೈಯಿಂದಲೇ ಎಳೆಯಬೇಕು. ಆದರೂ ಸಂಗ್ರಾಹಕರು ಅದಕ್ಕೆ ಹಲವು ಪಟ್ಟು ಹಣ ಕೊಡುವರೆಂಬುದು ನನಗೆ ತಿಳಿದಿತ್ತು. ಆ ಸಹೋದರಿಗೆ ತಿಳಿದಿರಲಿಲ್ಲ.

ರಾತ್ರಿ ನಿದ್ರೆ ಬರಲಿಲ್ಲ. ವ್ಯಾಪಾರದಲ್ಲಿ ಲಾಭ ದೋಷವಲ್ಲ. ಆದರೆ ಇನ್ನೊಬ್ಬರ ಅಜ್ಞಾನವನ್ನೇ ಬಂಡವಾಳವಾಗಿಸಿಕೊಂಡ ಲಾಭವು ತೂಕದ ಮೋಸಕ್ಕಿಂತ ಬೇರೆಯಲ್ಲ.

ಮರುದಿನ ನಿಜವಾದ ಬೆಲೆಯನ್ನು ಅವರಿಗೆ ತಿಳಿಸಿದೆ. ಅಷ್ಟು ಕೊಟ್ಟು ಕೊಳ್ಳುವ ಅಗತ್ಯ ನನಗಿದೆಯೇ ಎಂದು ಕೇಳಿಕೊಂಡಾಗ, ಇಲ್ಲವೆಂದೇ ಉತ್ತರ ಬಂದಿತು. ಕ್ಯಾಮೆರಾ ಬೇರೊಬ್ಬರ ಪಾಲಾಯಿತು. ನನ್ನನ್ನು ಸೆಳೆದದ್ದು ವಸ್ತುವಲ್ಲ, ಅದರ ಅಗ್ಗದ ಬೆಲೆ ಎಂಬುದು ಆಗ ಅರಿವಾಯಿತು.